ಮದಕದ ಕೋಡಿ

ಅಣೆಕಟ್ಟು ಎಂದೊಡನೆ ನಮ್ಮ ಕರಾವಳಿಯವರಿಗೆ ನೆನಪಾಗುವುದು ಬೇಸಗೆ. ಮಳೆಗಾಲ ಹಿಂದೆ ಸರಿದು ತೋಡಿನ ನೀರು ಇಳಿಯತೊಡಗಿದಾಗ ಊರವರು ಸೇರಿ ಕಲ್ಲು, ಮಣ್ಣು, ಸೊಪ್ಪು, ಅಡಿಕೆಮರದ ಸಲಾಕೆಗಳನ್ನು ಹೊಂದಿಸಿ ತೋಡಿಗೆ ಅಡ್ಡವಾಗಿ ಒಂದು ‘ಕಟ್ಟ’ವನ್ನು ಹಾಕುತ್ತಾರೆ. ಅದರ ಹಿಂದೆ ನಿಂತ ನೀರು ಸುಗ್ಗಿಯ ಬೆಳೆಗೂ ತೋಟಕ್ಕೂ ಸುತ್ತಲಿನ ಬಾವಿಗಳಿಗೂ ಒದಗುತ್ತದೆ. ಮುಂದಿನ ಮಳೆಗಾಲದ ಮೊದಲ ಪ್ರವಾಹಕ್ಕೆ ಆ ಕಟ್ಟ ಕೊಚ್ಚಿಹೋಗುತ್ತದೆ. ಹೋಯಿತೆಂದು ಯಾರೂ ಮರುಗುವುದಿಲ್ಲ. ಹೋಗದೆ ನಿಂತರೆ ಮಾತ್ರ ಗಾಬರಿಪಡಬೇಕು.

ಈ ಹೊತ್ತು ನಾನು ಹೇಳಹೊರಟಿರುವ ಅಣೆಕಟ್ಟು ಅದಲ್ಲ. ಇದೂ ಮಣ್ಣಿನದೇ, ಸಣ್ಣದೇ, ಹಳ್ಳಿಯದೇ. ಆದರೆ ಇದಕ್ಕೆ ದುಡಿಮೆಯ ಕಾಲ ಮಳೆಗಾಲ. ಗುಡ್ಡೆಯ ಮೇಲೆ ಬಿದ್ದ ಮಳೆ ಒಮ್ಮೆಲೇ ಬೈಲಿಗೆ ನುಗ್ಗದಂತೆ ಕೆಲವು ತಾಸುಗಳ ಕಾಲ ಹಿಡಿದು ನಿಲ್ಲಿಸುವುದು ಇದರ ಕೆಲಸ. ಮೂವತ್ತು ವರ್ಷಗಳಿಗೂ ಮಿಕ್ಕಿ ಎಂಜಿನಿಯರನಾಗಿ ದುಡಿದ ನಾನು ಹೆಸರಾದ ಯಾವ ದೊಡ್ಡ ಅಣೆಕಟ್ಟಿನ ಕೆಲಸದಲ್ಲಿಯೂ ಇದ್ದವನಲ್ಲ. ನನ್ನ ಪಾಲಿಗೆ ಬಂದದ್ದೆಲ್ಲ ಇಂಥ ಏರಿ, ತೂಬು, ಮೋರಿಗಳೇ. ಅವುಗಳಲ್ಲಿ ಒಂದರಿಂದ ನಾನು ಕಲಿತ ಪಾಠಕ್ಕೆ ಬೆಲೆ ತೆತ್ತವರು ಮಾತ್ರ ಬೇರೆಯವರು. ಆ ಸಂಗತಿಯನ್ನೂ ಹೇಳುವವನಿದ್ದೇನೆ.

ಮೊದಲು ನೆಲದ ಸ್ವರೂಪವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಕಾರ್ಕಳದ ಪೂರ್ವಕ್ಕೆ ಘಟ್ಟದ ಗೋಡೆ. ಪಶ್ಚಿಮಕ್ಕೆ ಕಾಪು, ಮಲ್ಪೆಗಳ ಕಡಲು. ನಡುವಿನ ದೂರ ಐವತ್ತು ಅರುವತ್ತು ಕಿಲೋಮೀಟರಿಗೆ ಮಿಕ್ಕದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ಆ ಸರಾಸರಿ 7,000 ಮಿಲಿಮೀಟರನ್ನು ದಾಟುತ್ತದೆ. ಇದರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಬಿದ್ದ ನೀರಿಗೆ ಕಡಲು ಸೇರಲು ಒಂದು ಹಗಲು ಒಂದು ರಾತ್ರಿ ಸಾಕು. ಹೀಗೆ ಅವಸರದಿಂದ ಓಡುವ ನೀರಿನ ದಾರಿಯಲ್ಲಿ ನಮ್ಮ ಹಿರಿಯರು ಮೂರು ಬಗೆಯ ಗದ್ದೆಗಳನ್ನು ಮಾಡಿದರು. ಗುಡ್ಡೆಯ ಮಗ್ಗುಲಲ್ಲಿ, ಮಳೆಯನ್ನೇ ನಂಬಿದ ಬೆಟ್ಟು. ಅದರ ಕೆಳಗೆ ಮಜಲು. ಎಲ್ಲಕ್ಕೂ ಕೆಳಗೆ ತೋಡಿನ ಅಕ್ಕಪಕ್ಕದಲ್ಲಿ ಬೈಲು. ಬೈಲಿನ ಗದ್ದೆ ಮೂರು ಬೆಳೆ ಕೊಡುವ ಚಿನ್ನದ ನೆಲ. ಆದರೆ ಮೇಲಿನ ಎಲ್ಲ ನೀರೂ ತನ್ನ ಮೇಲೆಯೇ ಹಾಯಬೇಕೆಂಬ ಶಾಪವೂ ಅದಕ್ಕಿದೆ.

ನೆರೆಯಲ್ಲಿ ಎರಡು ಜಾತಿ. 1923ರಲ್ಲಿ, ಮತ್ತೆ 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದಳಲ್ಲ, ಅದು ಹೊಳೆಯ ನೆರೆ. ಅದರ ಮುಂದೆ ನಮ್ಮ ಮಣ್ಣಿನ ಏರಿಯ ಆಟ ನಡೆಯುವುದಿಲ್ಲ. ನಡೆಯುತ್ತದೆಂದು ಹೇಳುವವರನ್ನು ನಂಬಬೇಡಿ. ಇನ್ನೊಂದು ತೋಡಿನ ನೆರೆ. ಅದಕ್ಕೆ ಪತ್ರಿಕೆಯಲ್ಲಿ ಹೆಸರು ಬರುವುದಿಲ್ಲ. ರಾತ್ರಿ ಮೂರು ತಾಸು ಬಿಡದೆ ಹೊಡೆದ ಮಳೆಗೆ ತೋಡು ದಂಡೆ ಮೀರಿ, ಗದ್ದೆಯ ಹುಣಿ ಕಡಿದು, ತೆನೆಯೊಡೆದ ಪೈರಿನ ಮೇಲೆ ಮೊಣಕಾಲುದ್ದ ಮರಳು ಸುರಿದು, ಬೆಳಗಾಗುವಷ್ಟರಲ್ಲಿ ಏನೂ ಅರಿಯದ ಹಾಗೆ ಇಳಿದುಹೋಗಿರುತ್ತದೆ. ಆ ಮರಳನ್ನು ತೆಗೆಯಲು ರೈತನಿಗೆ ಎರಡು ವರ್ಷ ಬೇಕು. ಸಣ್ಣ ಅಣೆಕಟ್ಟು ಎದುರಿಸಬಲ್ಲದ್ದು ಈ ಎರಡನೆಯ ಜಾತಿಯ ನೆರೆಯನ್ನು.

ಈ ಉಪಾಯ ನಮಗೆ ಹೊಸತಲ್ಲ. ಗುಡ್ಡೆಯ ಮೇಲೆ ಮೂರು ಕಡೆ ಏರು ನೆಲವಿರುವ ತಗ್ಗನ್ನು ಹುಡುಕಿ, ನಾಲ್ಕನೆಯ ಕಡೆಗೆ ಮಣ್ಣಿನ ಏರಿ ಹಾಕಿದರೆ ಅದು ಮದಕ. ಕೆಲವು ಊರುಗಳಲ್ಲಿ ಇದನ್ನೇ ಮದಗ ಎನ್ನುತ್ತಾರೆ, ಕೆಲವೆಡೆ ಪಳ್ಳ. ಇಂದು ವಿದ್ಯಾಲಯಗಳಿಗೂ ಆಸ್ಪತ್ರೆಗೂ ಪ್ರಸಿದ್ಧವಾದ ಮಣಿಪಾಲಕ್ಕೆ ಆ ಹೆಸರು ಬಂದದ್ದು ಅಲ್ಲಿನ ಮಣ್ಣಪಳ್ಳದಿಂದ ಎಂಬುದನ್ನು ಅಲ್ಲಿ ಓದಲು ಬರುವ ಪರವೂರಿನ ಮಕ್ಕಳು ಬಹುಶಃ ಅರಿಯರು. ಮಣ್ಣಿನ ಪಳ್ಳವೊಂದು ಇಡೀ ನಗರಕ್ಕೆ ಹೆಸರು ಕೊಟ್ಟಿದೆ. ಇನ್ನು ಕಾರ್ಕಳದಲ್ಲಿ ಆನೆಕೆರೆಯಿದೆ, ರಾಮಸಮುದ್ರವಿದೆ. ಆನೆಕೆರೆಯನ್ನು 1262ರಲ್ಲಿ ಪಾಂಡ್ಯದೇವನೆಂಬ ಅರಸ ಕಟ್ಟಿಸಿದನೆಂದು ಊರಿನ ಇತಿಹಾಸ ಹೇಳುತ್ತದೆ. ಗೊಮ್ಮಟನು ಬೆಟ್ಟದ ಮೇಲೆ ನಿಂತದ್ದು 1432ರಲ್ಲಿ. ಎಂದರೆ ಕಾರ್ಕಳದ ಪ್ರಭುಗಳು ಕಲ್ಲಿನ ಕೆಲಸಕ್ಕೆ ಕೈಯಿಕ್ಕುವುದಕ್ಕೆ ಬಹಳ ಮೊದಲೇ ಮಣ್ಣಿನ ಕೆಲಸ ಮುಗಿಸಿದ್ದರು. ಯಾತ್ರಿಕರು ಗೊಮ್ಮಟನನ್ನು ನೋಡಿ ಹೋಗುತ್ತಾರೆ. ಏರಿಯ ಮೇಲೆ ನಡೆದು ಹೋದರೂ ಅದನ್ನು ಏರಿಯೆಂದು ಗುರುತಿಸುವವರು ಕಡಿಮೆ. ಮಣ್ಣಿನ ಕೆಲಸದ ಹಣೆಬರಹವೇ ಹಾಗೆ. ಚೆನ್ನಾಗಿ ಮಾಡಿದರೆ ಅದು ಗುಡ್ಡೆಯ ಹಾಗೆಯೇ ಕಾಣುತ್ತದೆ.

ಮದಕ ನೆರೆಯನ್ನು ತಡೆಯುವುದು ಹೇಗೆ? ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ಕಲ್ಪನೆಯಿದೆ. ಏರಿ ಗಟ್ಟಿಯಾಗಿದ್ದರೆ ನೀರು ನಿಲ್ಲುತ್ತದೆ, ನೀರು ನಿಂತರೆ ನೆರೆ ನಿಂತಂತೆ ಎಂದು ಜನ ತಿಳಿಯುತ್ತಾರೆ. ತುಂಬಿದ ಮದಕಕ್ಕೆ ನೆರೆಯನ್ನು ತಡೆಯುವ ಶಕ್ತಿ ಅಷ್ಟಾಗಿ ಇರುವುದಿಲ್ಲ. ಮೇಲಿನಿಂದ ಬಂದಷ್ಟೂ ನೀರು ಕೋಡಿಯ ಮೇಲೆ ಹರಿದು ಕೆಳಗೆ ಹೋಗಲೇಬೇಕು. ನೆರೆಯನ್ನು ತಡೆಯುವುದು ಮದಕದಲ್ಲಿರುವ ನೀರಲ್ಲ, ಇಲ್ಲದಿರುವ ನೀರು. ಎಂದರೆ ಅಲ್ಲಿ ಖಾಲಿ ಉಳಿದ ಜಾಗ.

ನಾನು ಕೆಲಸಮಾಡಿದ ಒಂದು ಮದಕದ ಲೆಕ್ಕವನ್ನೇ ಹೇಳುತ್ತೇನೆ. ಕಾರ್ಕಳದಿಂದ ಕಾಪುವಿನ ಕಡೆಗೆ ಇಳಿಯುವ ಪ್ರದೇಶದ ಒಂದು ಹಳ್ಳಿ, ಹೆಸರು ಬೇಡ. ಎಂಬತ್ತರ ದಶಕದ ಮೊದಲ ವರ್ಷಗಳು. ಉಡುಪಿ ಆಗ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿತ್ತು, ಬೇರೆಯಾದದ್ದು 1997ರಲ್ಲಿ. ಹಳೆಯ ಮದಕವೊಂದರ ಏರಿ ಯಾವ ಕಾಲದಲ್ಲೋ ಒಡೆದುಹೋಗಿ, ಕೆಳಗಿನ ಬೈಲಿಗೆ ವರ್ಷವರ್ಷವೂ ಮರಳು ಬೀಳುತ್ತಿತ್ತು. ಬೈಲಿನ ಒಕ್ಕಲುಗಳು ಅರ್ಜಿಯ ಮೇಲೆ ಅರ್ಜಿ ಬರೆದು, ಕೊನೆಗೆ ಏರಿಯನ್ನು ಮತ್ತೆ ಕಟ್ಟುವುದೆಂದಾಯಿತು. ನೆರೆಯಿಂದ ಬೈಲನ್ನು ಕಾಪಾಡುವುದೇ ಅದರ ಉದ್ದೇಶವೆಂದು ಮಂಜೂರಾತಿಯ ಕಾಗದದಲ್ಲಿಯೂ ಬರೆದಿತ್ತು. ಕೆಲಸ ನನ್ನ ಪಾಲಿಗೆ ಬಂತು. ಆಗ ನನಗೆ ಇಪ್ಪತ್ತಾರು ವರ್ಷ; ಪುಸ್ತಕದ ವಿದ್ಯೆ ಹೊಸತಾಗಿತ್ತು.

ಆ ಮದಕಕ್ಕೆ ನೀರು ಕೊಡುವ ಗುಡ್ಡೆಯ ವಿಸ್ತಾರ ಐವತ್ತು ಹೆಕ್ಟೇರು. ನಮ್ಮ ಹಳೆಯ ಲೆಕ್ಕದಲ್ಲಿ ನೂರಿಪ್ಪತ್ತು ಎಕರೆಗೆ ಸ್ವಲ್ಪ ಮೇಲೆ. ಮೂರು ತಾಸಿನಲ್ಲಿ 100 ಮಿಲಿಮೀಟರು ಮಳೆ ಸುರಿಯಿತೆನ್ನಿ. ನಮ್ಮಲ್ಲಿ ಅದು ಅಪರೂಪವೇನಲ್ಲ. ಬೋಳು ಮುರಕಲ್ಲಿನ ಗುಡ್ಡೆ, ಇಂಗುವುದು ಕಡಿಮೆ. ಹತ್ತರಲ್ಲಿ ಏಳು ಪಾಲು ಹರಿದು ಬರುತ್ತದೆಂದು ಹಿಡಿದರೆ ಮೂವತ್ತೈದು ಸಾವಿರ ಘನಮೀಟರು ನೀರು. ಸೆಕೆಂಡಿಗೆ ಮೂರು ಸಾವಿರ ಲೀಟರಿಗೂ ಮಿಕ್ಕಿ. ಕೆಳಗಿನ ತೋಡಿಗೆ ತನ್ನ ದಂಡೆಗಳ ನಡುವೆ ಇದರ ಅರ್ಧವನ್ನಷ್ಟೇ ಒಯ್ಯುವ ತಾಕತ್ತು.

ನಮ್ಮ ಮದಕದಲ್ಲಿ ಕೋಡಿಯ ಮಟ್ಟಕ್ಕಿಂತ ಐದಡಿ ಕೆಳಗೆ ಒಂದೂವರೆ ಅಡಿ ವ್ಯಾಸದ ಒಂದು ಕೊಳವೆಯನ್ನು ಏರಿಯ ಅಡಿಯಲ್ಲಿ ಹಾಸಿದ್ದೆವು. ಮಳೆಗಾಲವಿಡೀ ಅದರ ಬಾಯಿ ತೆರೆದಿರಬೇಕು. ದಿನದಿನದ ನೀರು ಅದರ ಮೂಲಕ ಹೋಗುತ್ತದೆ. ಮೇಲಿನ ಐದಡಿ ಸದಾ ಖಾಲಿ. ಜಡಿಮಳೆ ಬಂದಾಗ ಆ ಖಾಲಿ ಜಾಗ ಇಪ್ಪತ್ತೈದು ಸಾವಿರ ಘನಮೀಟರು ನೀರನ್ನು ನುಂಗುತ್ತದೆ. ನೀರು ಕೋಡಿಯನ್ನು ಮುಟ್ಟುವ ಹೊತ್ತಿಗೆ ಮಳೆಯ ಜೋರು ಹೆಚ್ಚುಕಡಿಮೆ ಮುಗಿದಿರುತ್ತದೆ. ತೋಡಿಗೆ ಇಳಿಯುವ ನೀರು ಯಾವ ಕ್ಷಣದಲ್ಲಿಯೂ ಮೊದಲಿನ ಅರ್ಧಕ್ಕಿಂತ ಹೆಚ್ಚಾಗುವುದಿಲ್ಲ. ನುಂಗಿದ ನೀರು ಕೊಳವೆಯಿಂದ ಒಂದು ದಿನವಿಡೀ ನಿಧಾನವಾಗಿ ಹೊರಟುಹೋಗಿ, ಮದಕ ಮತ್ತೊಂದು ಮಳೆಗೆ ಹಸಿದು ಕೂಡುತ್ತದೆ.

ಕಾಪುವಿನ ಕಡೆಯವರಿಗೆ ಈ ತಡದಿಂದ ಇನ್ನೊಂದು ಪ್ರಯೋಜನವಿದೆ. ಅಲ್ಲಿ ಸಣ್ಣ ತೋಡುಗಳ ಬಾಯಿಯನ್ನು ಕಡಲು ಮರಳಿನಿಂದ ಮುಚ್ಚುತ್ತಿರುತ್ತದೆ. ಭರತದ ಹೊತ್ತಿನಲ್ಲಿ ಮೇಲಿನ ನೀರು ಬಂದರೆ ಅದಕ್ಕೆ ಹೋಗಲು ದಾರಿಯಿಲ್ಲ; ಹಿಂದೆ ಒತ್ತಿ ಗದ್ದೆಗೆ ಏರುತ್ತದೆ. ಭರತದಿಂದ ಇಳಿತಕ್ಕೆ ಸುಮಾರು ಆರು ತಾಸು. ಗುಡ್ಡೆಯ ಮೇಲಿನ ಮದಕ ನೀರನ್ನು ಅಷ್ಟು ಹೊತ್ತು ಹಿಡಿದರೂ ಸಾಕು, ಕಡಲೇ ದಾರಿ ಬಿಡುತ್ತದೆ. ಗುಳ್ಳಬದನೆಗೆ ಹೆಸರಾದ ಮಟ್ಟುವಿನಂಥ ಊರುಗಳಲ್ಲಿ ಕೆಳಗಿನಿಂದ ಉಪ್ಪುನೀರು, ಮೇಲಿನಿಂದ ನೆರೆನೀರು, ನಡುವೆ ರೈತ ಎಂಬ ಸ್ಥಿತಿಯನ್ನು ಕಂಡವರಿಗೆ ಈ ಆರು ತಾಸಿನ ಬೆಲೆ ತಿಳಿದೀತು.

ಇದೇ ವಿಚಾರವನ್ನು ಅಮೆರಿಕೆಯವರು ಬಹಳ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದಾರೆ. ಓಕ್ಲಹೋಮ ರಾಜ್ಯದ ವಾಷಿಟಾ ನದಿಯ ಬಯಲಿನಲ್ಲಿ ಹೊಲಗಳು ಮತ್ತೆಮತ್ತೆ ಮುಳುಗುತ್ತಿದ್ದುದನ್ನು ತಪ್ಪಿಸಲು 1948ರಲ್ಲಿ ಕ್ಲೌಡ್ ಕ್ರೀಕ್ ಎಂಬ ತೊರೆಗೆ ಒಂದು ಸಣ್ಣ ಮಣ್ಣಿನ ಅಣೆಕಟ್ಟು ಕಟ್ಟಿದರು. ನದಿಗೆ ಒಂದು ಮಹಾ ಅಣೆಕಟ್ಟು ಕಟ್ಟುವ ಬದಲು ಅದಕ್ಕೆ ನೀರು ತರುವ ತೊರೆತೊರೆಗೂ ಒಂದೊಂದು ಪುಟ್ಟ ಏರಿ ಎಂಬುದು ಅವರ ಯೋಚನೆ. ಇಂದು ಆ ದೇಶದಲ್ಲಿ ಇಂಥವು ಹನ್ನೊಂದು ಸಾವಿರಕ್ಕೂ ಹೆಚ್ಚಿವೆ. ಅವುಗಳಲ್ಲಿ ನನಗೆ ಮೆಚ್ಚಿಕೆಯಾದ ಸಂಗತಿಯೆಂದರೆ, ನೀರು ಬಿಡುವುದಕ್ಕೆ ಮನುಷ್ಯನ ಕೈ ಬೇಡ. ಸದಾ ತೆರೆದ ಒಂದು ಕೊಳವೆ. ಅದು ಸಾಲದಾದರೆ ಏರಿಯ ಪಕ್ಕದಲ್ಲಿ ಹುಲ್ಲು ಬೆಳೆಸಿದ ಅಗಲವಾದ ಒಂದು ಕಾಲುವೆ. ಬಾಗಿಲು, ಬೀಗ, ಕಾವಲುಗಾರ, ಯಾವುದೂ ಇಲ್ಲ. ನಡುರಾತ್ರಿಯ ಮಳೆಯಲ್ಲಿ ಬಾಗಿಲು ತೆಗೆಯುವವನು ಮಲಗಿರಬಹುದು, ಮುಚ್ಚುವ ಆಸೆಯುಳ್ಳವನು ಎದ್ದಿರಬಹುದು ಎಂಬುದನ್ನು ಆ ಎಂಜಿನಿಯರುಗಳು ಅರಿತಿದ್ದರೆಂದು ತೋರುತ್ತದೆ.

ಇನ್ನು ಏರಿಯ ಮಣ್ಣಿನ ವಿಷಯ. ನಮ್ಮ ಕಡೆ ಮೇಲೆ ಕೆಂಪು ಜಂಬಿಟ್ಟಿಗೆ ಮಣ್ಣು, ಅದರಡಿ ಮುರಕಲ್ಲು, ಮುರಕಲ್ಲಿನ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣಗಳ ನುಣುಪಾದ ಒಂದು ಮಣ್ಣು. ಅದಕ್ಕೆ ಶೇಡಿ ಎನ್ನುತ್ತೇವೆ. ಒಣಗಿದ್ದಾಗ ಇದರಷ್ಟು ಸಾಧು ಬೇರೆಯಿಲ್ಲ. ಕಡಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿಯಿತೋ, ಬಲವನ್ನೆಲ್ಲ ಕಳೆದುಕೊಂಡು ಹಾಲಿನಂತೆ ಹರಿಯುತ್ತದೆ. ರಸ್ತೆಗಾಗಿ ಗುಡ್ಡೆ ಕಡಿದಲ್ಲಿ ಮಳೆಗಾಲದಲ್ಲಿ ಜರಿಯುವುದಕ್ಕೆ ಬಹಳ ಕಡೆ ಇದೇ ಕಾರಣ. ಏರಿಯ ಹತ್ತಿರವೇ ಅಗೆದರೆ ಸುಲಭವಾಗಿ ಸಿಕ್ಕುವ ಮಣ್ಣು ಇದಾದ್ದರಿಂದ ಗುತ್ತಿಗೆದಾರನ ಕಣ್ಣು ಇದರ ಮೇಲೆ. ನಮ್ಮ ಏರಿಗೆ ಅದನ್ನು ಒಂದು ಬುಟ್ಟಿಯೂ ಹಾಕಗೊಡದೆ, ಅರ್ಧ ಮೈಲಿ ದೂರದಿಂದ ಜಿಗುಟಾದ ಕೆಂಪು ಮಣ್ಣನ್ನು ತರಿಸಿದೆನೆಂಬುದು ಆ ಕೆಲಸದಲ್ಲಿ ನಾನು ಹೆಮ್ಮೆಪಡಬಹುದಾದ ಒಂದೇ ಅಂಶ.

ಹನ್ನೆರಡು ಅಡಿ ಎತ್ತರದ ಏರಿಗೆ ಬುಡದಲ್ಲಿ ಅರುವತ್ತು ಎಪ್ಪತ್ತು ಅಡಿ ಅಗಲ ಬೇಕೆಂದರೆ ಊರವರು ನಗುತ್ತಿದ್ದರು. ಗೋಡೆಯಂತೆ ನೆಟ್ಟಗೆ ನಿಲ್ಲುವುದು ಮಣ್ಣಿನ ಧರ್ಮವಲ್ಲ; ನೀರಿನ ಕಡೆಗೆ ಒಂದಕ್ಕೆ ಮೂರರಂತೆ, ಹೊರಗಡೆಗೆ ಒಂದಕ್ಕೆ ಎರಡರಂತೆ ಇಳಿಜಾರು ಕೊಡಬೇಕು. ಮಣ್ಣನ್ನು ಒಮ್ಮೆಲೇ ಸುರಿಯದೆ ಅರ್ಧ ಅಡಿಯ ಪದರುಗಳಾಗಿ ಹಾಸಿ, ಹದವಾಗಿ ನೀರು ಚಿಮುಕಿಸಿ, ದಿಮ್ಮಸು ಹಾಕಿ ಬಡಿಯಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳಿಗೆ ನೀರು ಜಿನುಗಬಾರದು, ಅದೇ ಹದ. ಎಷ್ಟು ಬಡಿದರೂ ಮಣ್ಣಿನ ಏರಿ ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ಹೊರಬುಡದಲ್ಲಿ ಕಾಣುವ ಆ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕದಡಿದ್ದರೆ ಒಳಗಿನಿಂದ ಮಣ್ಣು ಹೊರಟಿದೆ, ಸುರಂಗ ಹುಟ್ಟುತ್ತಿದೆ ಎಂದು ಅರ್ಥ. ಕೆಳಗಿನ ಮನೆಯವರನ್ನು ಎಬ್ಬಿಸಬೇಕು.

ಈ ಸುರಂಗಕ್ಕೆ ಕಾರಣ ಕೊಳೆತ ಮರದ ಬೇರಾಗಬಹುದು, ಹೆಗ್ಗಣವಾಗಬಹುದು, ಗೆದ್ದಲ ಹುತ್ತವಾಗಬಹುದು. ನಮ್ಮ ನಾಡಿನಲ್ಲಿ ಏರಿಯ ಮೇಲೆ ಹುತ್ತವೆದ್ದರೆ ಅದನ್ನು ಅಗೆಸುವುದು ಎಷ್ಟು ಕಷ್ಟದ ಮಾತೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಏಡಿಯಂತೂ ಇದ್ದೇ ಇದೆ. 2019ರ ಜುಲೈ 2ರ ರಾತ್ರಿ, ನಮ್ಮದೇ ಕರಾವಳಿಯ ಉತ್ತರಕ್ಕೆ, ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ ತಿವರೆ ಎಂಬ ಹಳ್ಳಿಯ ಮಣ್ಣಿನ ಅಣೆಕಟ್ಟು ಜೋರುಮಳೆಯಲ್ಲಿ ಒಡೆದು ಇಪ್ಪತ್ತರಷ್ಟು ಜನ ಕೊಚ್ಚಿಹೋದರು. ಅಲ್ಲಿನ ಮಂತ್ರಿಗಳೊಬ್ಬರು ಏಡಿಗಳು ಕೊರೆದದ್ದೇ ಕಾರಣವೆಂದಾಗ ದೇಶವೇ ನಕ್ಕಿತು. ಗದ್ದೆಯ ಹುಣಿಯಲ್ಲಿ ಏಡಿಬಿಲ ಮುಚ್ಚಿ ಬೆಳೆದ ನನಗೆ ನಗು ಬರಲಿಲ್ಲ. ಏಡಿ ಕೊರೆಯುತ್ತದೆ. ಆದರೆ ಅದು ಕೊರೆಯುತ್ತದೆಂದು ಗೊತ್ತಿದ್ದೂ ಏರಿಯ ಬುಡವನ್ನು ನೋಡಿಕೊಳ್ಳದವನು ಏಡಿಯಲ್ಲವಲ್ಲ.

ಸುರಂಗ ಬಿಟ್ಟರೆ ಮಣ್ಣಿನ ಏರಿಯ ಇನ್ನೊಂದು ಮೃತ್ಯು ತಲೆಯ ಮೇಲಿನಿಂದ ಬರುತ್ತದೆ. ಕಲ್ಲಿನ ಕಟ್ಟೆಯ ಮೇಲೆ ನೀರು ಉಕ್ಕಿ ಹರಿದರೂ ಅದು ತಾಳೀತು. ಮಣ್ಣಿನ ಏರಿಯ ನೆತ್ತಿಯ ಮೇಲೆ ನೀರು ಹರಿಯತೊಡಗಿದರೆ ಹೊರಗಿನ ಇಳಿಜಾರನ್ನು ಕಡಿಯುತ್ತ ಬಂದು ಕೆಲವೇ ತಾಸುಗಳಲ್ಲಿ ಏರಿಯನ್ನು ಸೀಳುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿಯ ಮೇಲೆ ಮಚ್ಚು ಅಣೆಕಟ್ಟು ಒಡೆದು ಸಾವಿರಾರು ಜನ ಸತ್ತರು. ಅಂದು ನಡುವಿನ ಕಲ್ಲಿನ ಭಾಗ ನಿಂತೇ ಇತ್ತು. ನೀರು ಮೇಲೇರಿ ಹರಿದು ಕೊಚ್ಚಿಹೋದದ್ದು ಎರಡು ಪಕ್ಕದ ಮಣ್ಣಿನ ಏರಿಗಳು. ಆದ್ದರಿಂದ ಕೋಡಿ ಎಂಬುದು ಮದಕದ ಪ್ರಾಣ. ಬಯಲುಸೀಮೆಯಲ್ಲಿ ಕೆರೆ ಕೋಡಿ ಬಿದ್ದರೆ ಬಾಗಿನ ಕೊಡುತ್ತಾರೆ. ನಾವು ಕರಾವಳಿಯವರಿಗೆ ನೀರು ತುಂಬುವುದು ಹಬ್ಬವಲ್ಲವಾದ್ದರಿಂದ ಕೋಡಿಯ ಮೇಲೆ ಅಷ್ಟು ಗೌರವವಿಲ್ಲವೋ ಏನೋ.

ನಮ್ಮ ಮದಕದ ಕೋಡಿ ಹನ್ನೆರಡು ಅಡಿ ಅಗಲ. ಏರಿಯ ನೆತ್ತಿಗಿಂತ ಮೂರಡಿ ಕೆಳಗೆ. ಎರಡಡಿ ಆಳದವರೆಗೆ ನೀರು ಹರಿಯಲಿ, ಮೇಲಿನ ಒಂದಡಿ ಅಪಾಯಕ್ಕೆಂದು ಮೀಸಲಿರಲಿ ಎಂದು ಲೆಕ್ಕ. ಏರಿ ಕಟ್ಟಿ ಎರಡು ಮಳೆಗಾಲ ಬೈಲಿಗೆ ಮರಳು ಬೀಳಲಿಲ್ಲ. ಮೂರನೆಯ ವರ್ಷ ಬೆಟ್ಟಿನ ಬದಿಯ ತೋಟದವರು ನನ್ನಲ್ಲಿಗೆ ಬಂದರು. ಸೋಣ ತಿಂಗಳು ಮುಗಿಯುತ್ತ ಬಂದಿತ್ತು. “ಮಳೆ ಹೋಯಿತಲ್ಲ ಎಂಜಿನಿಯರ್ರೇ, ಇನ್ನು ಈ ಕೊಳವೆ ತೆರೆದಿಟ್ಟು ಏನು ಲಾಭ? ಮುಚ್ಚಿದರೆ ಮಾಘದವರೆಗೆ ತೋಟಕ್ಕೆ ನೀರಾದೀತು” ಎಂದರು. ಕೋಡಿಯ ಎರಡು ಬದಿಯಲ್ಲಿ ಗಾಡಿ ಕಡಿದು ಒಂದಡಿ ಎತ್ತರದ ಹಲಗೆ ಇಳಿಸುವ ಆಲೋಚನೆಯನ್ನೂ ಅವರೇ ಹೇಳಿದರು. ಅವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಬೇಸಗೆಯಲ್ಲಿ ಒಣಗುವ ಅಡಿಕೆಮರ ನೋಡಿದ ಯಾರಿಗೂ ಅಷ್ಟು ನೀರು ಸುಮ್ಮನೆ ಹರಿದುಹೋಗುವುದನ್ನು ಕಂಡರೆ ಹೊಟ್ಟೆಯುರಿಯುತ್ತದೆ. ನಾನು ಬಾಯಿಮಾತಿನಲ್ಲಿ ಒಪ್ಪಿದೆ.

ಬೈಲಿನಲ್ಲಿ ಗೇಣಿಯ ಕಾಲದಿಂದಲೂ ಸಾಗುವಳಿ ಮಾಡಿಕೊಂಡು ಬಂದ ಒಬ್ಬ ಮುದುಕರಿದ್ದರು. ಊರೆಲ್ಲ ಅವರನ್ನು ಅಜ್ಜೇರು ಎಂದೇ ಕರೆಯುತ್ತಿತ್ತು. ಹಲಗೆ ಇಳಿದ ದಿನ ಅವರು ಕೋಡಿಯ ಬಳಿ ಬಂದು, ತಲೆಯ ಮುಟ್ಟಾಳೆಯನ್ನು ತೆಗೆದು ಕೈಯಲ್ಲಿ ಹಿಡಿದು, “ಅರ್ಧ ಬಾಗಿಲು ಮುಚ್ಚಿದ ಹಾಗಾಯಿತಲ್ಲ ಮಾರಾಯರೇ” ಎಂದರು. “ಅರ್ಧ ಉಳಿದಿದೆಯಲ್ಲ ಅಜ್ಜ” ಎಂದೆ ನಾನು.

ಲೆಕ್ಕ ಬಲ್ಲವನು ನಾನು. ಆ ಮಾತು ಆಡಬಾರದಿತ್ತು. ಕೋಡಿಯ ಮೇಲೆ ಹರಿಯುವ ನೀರು ಅದರ ಆಳದ ಜೊತೆ ಸಮಸಮವಾಗಿ ಹೆಚ್ಚುಕಡಿಮೆಯಾಗುವುದಿಲ್ಲ. ಆಳ ಹೆಚ್ಚಿದಂತೆ ನೀರಿನ ಪ್ರಮಾಣ ಮಾತ್ರವಲ್ಲ, ವೇಗವೂ ಹೆಚ್ಚುತ್ತದೆ. ಎರಡಡಿಯ ಹರಿವಿನಲ್ಲಿ ಒಂದಡಿಯನ್ನು ಹಲಗೆ ತಿಂದರೆ ಉಳಿಯುವುದು ಅರ್ಧವಲ್ಲ, ಮೂರರಲ್ಲಿ ಒಂದು ಪಾಲು. ಅದರೊಂದಿಗೆ ಐದಡಿಯ ಖಾಲಿ ಜಾಗವೂ ತುಂಬಿಹೋಗಿತ್ತು. ಎಂದರೆ ನೆರೆಯನ್ನು ತಡೆಯಲೆಂದು ಕಟ್ಟಿದ್ದು ಈಗ ನೆರೆಯನ್ನು ಕೂಡಿಹಾಕಿಕೊಂಡು ಬೈಲಿನ ತಲೆಯ ಮೇಲೆ ಕುಳಿತಿತ್ತು.

ಹಲಗೆ ಇಳಿಸಿ ಹದಿನೈದು ದಿನವಾಗಿರಲಿಲ್ಲ. ಒಂದು ರಾತ್ರಿ ಆಟಿಯನ್ನು ನಾಚಿಸುವ ಮಳೆ ಹಿಡಿಯಿತು. ಹನ್ನೆರಡೂವರೆಯ ಹೊತ್ತಿಗೆ ಪೇಟೆಯಲ್ಲಿದ್ದ ನನ್ನ ಬಿಡಾರದ ಬಾಗಿಲನ್ನು ಯಾರೋ ಬಡಿದರು. ಬೈಲಿನ ಹುಡುಗನೊಬ್ಬ ಸೈಕಲ್ಲಿನಲ್ಲಿ ಬಂದಿದ್ದ. ನಾವು ಅಲ್ಲಿಗೆ ತಲುಪಿದಾಗ ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ಕಂಡದ್ದು, ಏರಿಯ ನೆತ್ತಿಗೆ ಒಂದು ಗೇಣು ಕಡಿಮೆಯಾಗಿ ನಿಂತ ನೀರು. ಇಬ್ಬರು ಹಾರೆ ಹಾಕಿ ಹಲಗೆಯನ್ನು ಎಬ್ಬಿಸಲು ನೋಡುತ್ತಿದ್ದರು. ನೀರಿನ ಒತ್ತಡಕ್ಕೆ ಅದು ಗಾಡಿಯಲ್ಲಿ ಬಿಗಿದು ಕೂತಿತ್ತು, ಹಲಗೆಯೂ ಉಬ್ಬಿತ್ತು. ಕಿಂಡಿ ಅಣೆಕಟ್ಟುಗಳ ಹಲಗೆಯನ್ನು ಮೇ ತಿಂಗಳಲ್ಲಿಯೇ ತೆಗೆಯಬೇಕೆಂದು ಹೇಳುವುದು ಇದಕ್ಕಾಗಿಯೇ. ಬೇಕಾದಾಗ ತೆಗೆಯುತ್ತೇನೆಂದರೆ ಬೇಕಾದಾಗ ಅದು ಬರುವುದಿಲ್ಲ.

ಏರಿಯನ್ನು ಕಡಿದು ನೀರು ಬಿಡೋಣವೆಂದು ಯಾರೋ ಕೂಗಿದರು. ಬಡಿದು ಕೂರಿಸಿದ ಮಣ್ಣಿನಲ್ಲಿ ಒಂದು ಗೇಣಿನ ಕಾಲುವೆ ಮಾಡಿದರೆ ಅದು ಅರ್ಧ ತಾಸಿನಲ್ಲಿ ಏರಿಯನ್ನೇ ಒಯ್ಯುತ್ತದೆಂದು ನನಗೆ ಗೊತ್ತಿತ್ತು. ಬೇಡವೆಂದೆ, ಆದರೆ ಬೇರೇನು ಮಾಡಬೇಕೆಂಬುದು ತೋಚಲಿಲ್ಲ. ಆಗ ಅಜ್ಜೇರು ಏರಿಯ ಎಡತುದಿಯನ್ನೂ ದಾಟಿ ಗುಡ್ಡೆಯ ನೆಲದ ಮೇಲೆ ನಿಂತು, ಹಾರೆಯನ್ನು ಕುಟ್ಟಿ ತೋರಿಸಿದರು. ಒಂದೂವರೆ ಅಡಿ ಮಣ್ಣು, ಅದರಡಿಯಲ್ಲಿ ಪಾದೆಯಂಥ ಮುರಕಲ್ಲು. ಅಲ್ಲಿ ಕಡಿದರೆ ನೀರು ಕಲ್ಲಿನ ಮೇಲೆ ಹರಿಯುತ್ತದೆ, ಕೊರೆಯುವುದಿಲ್ಲ. ಹತ್ತು ಹನ್ನೆರಡು ಜನ ಹಾರೆ, ಪಿಕ್ಕಾಸು ಹಿಡಿದು ಎಂಟಡಿ ಅಗಲದ ದಾರಿ ಬಿಡಿಸಿದೆವು. ನೀರು ಆ ದಾರಿ ಹಿಡಿದು ಇಳಿಯಿತು. ನಾಲ್ಕು ಗಂಟೆಗೆ ಏರಿಯಲ್ಲಿ ಎರಡು ಗೇಣು ಮಣ್ಣು ಒಣಗಿ ಕಂಡಿತು.

ಆ ದಾರಿಯ ಕೆಳಗಿದ್ದದ್ದು ಅಜ್ಜೇರ ಗದ್ದೆಯೇ ಎಂಬುದು ನನಗೆ ತಿಳಿದದ್ದು ಬೆಳಕು ಹರಿದ ಮೇಲೆ. ಮರುವಾರ ಕೊಯ್ಯಬೇಕಾಗಿದ್ದ ಏಣಿಲಿನ ಪೈರಿನ ಮೇಲೆ ಕೆಂಪು ಮಣ್ಣೂ ಕಲ್ಲಿನ ಚೂರೂ ಮರಳೂ ಹಾಸಿತ್ತು. ಸುತ್ತಲಿನ ಮೂವತ್ತು ಮನೆಗಳಿಗೆ ಏನೂ ಆಗಿರಲಿಲ್ಲ. ಅವರು ಹುಣಿಯ ಮೇಲೆ ಕುಳಿತು ವೀಳ್ಯ ಹಾಕಿಕೊಳ್ಳುತ್ತಿದ್ದರು. ನನ್ನನ್ನು ನೋಡಿ, “ಚಾ ಕುಡಿದಿರೋ?” ಎಂದು ಕೇಳಿದರು. ಬೇರೆ ಏನನ್ನೂ ಕೇಳಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ.

ನಾನು ಬರೆದ ವರದಿಯಲ್ಲಿ ‘ಅತಿವೃಷ್ಟಿಯಿಂದ ಏರಿಗೆ ಅಪಾಯ ಒದಗಿತ್ತು, ಸಕಾಲಿಕ ಕ್ರಮದಿಂದ ನಿವಾರಣೆಯಾಯಿತು’ ಎಂದಿತ್ತು. ಹಲಗೆಯ ಮಾತು ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ಅದನ್ನು ಒಪ್ಪಿದವನ ಹೆಸರನ್ನೂ ಬರೆಯಬೇಕಾಗುತ್ತಿತ್ತು. ಮುಂದಿನ ಬೇಸಗೆಯಲ್ಲಿ ಕೋಡಿಯ ಗಾಡಿಗಳಿಗೆ ಕಾಂಕ್ರೀಟು ತುಂಬಿಸಿದೆ. ಎಡತುದಿಯಲ್ಲಿ ನಾವು ಕಡಿದ ದಾರಿಯನ್ನು ಎರಡನೆಯ ಕೋಡಿಯಾಗಿ ಮಾಡಿ, ಅಜ್ಜೇರ ಗದ್ದೆಯ ಮಗ್ಗುಲಲ್ಲಿ ತೋಡಿಗೆ ಇಳಿಯುವಂತೆ ಕಲ್ಲು ಕಟ್ಟಿಸಿದೆ. ಆ ಗದ್ದೆಗೆ ಮತ್ತೆ ನೇಜಿ ನೆಟ್ಟದ್ದು ಮೂರನೆಯ ವರ್ಷ.

2020ರ ಸೆಪ್ಟೆಂಬರ್ 20, ಭಾನುವಾರ. ಅದರ ಹಿಂದಿನ ರಾತ್ರಿಯಿಂದ ಉಡುಪಿಯಲ್ಲಿ ಬಿದ್ದ ಮಳೆಯನ್ನು ಯಾರೂ ಮರೆತಿರಲಾರರು. ಒಂದು ದಿನದೊಳಗೆ ಹಲವೆಡೆ 300 ಮಿಲಿಮೀಟರನ್ನು ಮೀರಿತು. ಸ್ವರ್ಣೆ ಉಕ್ಕಿದಳು, ಮಣಿಪಾಲದ ಎತ್ತರದ ನೀರನ್ನು ಉಡುಪಿ ಪೇಟೆಯ ನಡುವೆ ಒಯ್ಯುವ ಇಂದ್ರಾಣಿಯೂ ಉಕ್ಕಿದಳು. ಕಲ್ಸಂಕದ ಸುತ್ತ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಮಳೆಗಾಲದ ಆದಿಯಲ್ಲಿ ಇದೇ ಮಳೆ ಬಂದಿದ್ದರೆ ಒಣಗಿದ ನೆಲ, ಖಾಲಿ ಕೆರೆ, ಬಾವಿಗಳು ಒಂದಷ್ಟನ್ನು ಕುಡಿಯುತ್ತಿದ್ದವು. ಬಂದದ್ದು ಎಲ್ಲವೂ ತುಂಬಿದ ಕಾಲದಲ್ಲಿ. ಮಳೆ ಮುಗಿಯಿತೆಂದು ಹಲಗೆಯ ವಿಚಾರ ತಲೆಗೆ ಬರುವ ಕಾಲದಲ್ಲಿ. ಜೊತೆಗೆ, ನಾನು ಕಂಡ ಬೋಳು ಗುಡ್ಡೆಗಳೆಲ್ಲ ಈಗ ತಾರಸಿ, ಕಾಂಕ್ರೀಟು, ಡಾಮರು. ಹತ್ತರಲ್ಲಿ ಏಳು ಪಾಲೆಂದು ನಾನು ಹಿಡಿದ ಲೆಕ್ಕ ಅಲ್ಲಿ ಒಂಬತ್ತಕ್ಕೆ ಏರಿದೆ. ಪಳ್ಳಗಳೆಷ್ಟೋ ನಿವೇಶನಗಳಾಗಿವೆ.

ಆ ವಾರದ ಕೊನೆಗೆ ಮನಸ್ಸು ತಡೆಯದೆ ಹಳೆಯ ಮದಕವನ್ನು ನೋಡಿಬರಲು ಹೋದೆ. ಏರಿ ನಿಂತಿತ್ತು. ಹೊರಬುಡದ ಜಿನುಗು ತಿಳಿಯಾಗಿತ್ತು. ಬೈಲಿನಲ್ಲಿ ಅರ್ಧಕ್ಕರ್ಧ ಹಡಿಲು ಬಿದ್ದಿದೆ. ಅಜ್ಜೇರ ಗದ್ದೆಯನ್ನು ಮಾತ್ರ ಅವರ ಮೊಮ್ಮಗ ಈಗಲೂ ಬೇಸಾಯ ಮಾಡುತ್ತಾನೆ, ಪೈರು ನಿಂತಿತ್ತು. ಎರಡೂ ಕೋಡಿಗಳಲ್ಲಿ ಕಸಕಡ್ಡಿ ಸಿಕ್ಕಿಕೊಂಡಿತ್ತು. ತೆಗೆಯಲು ಬಗ್ಗಿದಾಗ ದೊಡ್ಡ ಕೋಡಿಯ ಒಂದು ಮೂಲೆಯಲ್ಲಿ, ಕಸದ ಅಡಿಯಲ್ಲಿ, ಮರಳು ತುಂಬಿ ಬಾಯಿ ಹೊಲಿದ ಪ್ಲಾಸ್ಟಿಕ್ ಚೀಲಗಳು ಕಾಣಿಸಿದವು. ನಾಲ್ಕು ಇದ್ದವು, ನೀರಿನ ರಭಸಕ್ಕೆ ಉಳಿದವು ಹೋಗಿರಬೇಕು. ಗಾಡಿಗೆ ಕಾಂಕ್ರೀಟು ತುಂಬಿಸಿದವನಿಗೆ ಚೀಲದ ವಿಚಾರ ಹೊಳೆದಿರಲಿಲ್ಲ. ಮೂರನ್ನು ಎಳೆದು ಹೊರಗೆ ಹಾಕಿದೆ. ನಾಲ್ಕನೆಯದಕ್ಕೆ ನನ್ನ ಸೊಂಟ ಒಪ್ಪಲಿಲ್ಲ. ಡೇರಿಗೆ ಹಾಲು ಕೊಟ್ಟು ಏರಿಯ ಮೇಲೆ ಮರಳುತ್ತಿದ್ದ ಹುಡುಗನೊಬ್ಬನನ್ನು ಕೂಗಿ ಕರೆದೆ. ಅವನು ಕ್ಯಾನನ್ನು ಕೆಳಗಿಟ್ಟು ಬಂದು ಒಂದು ಕೈ ಹಿಡಿದ.